ಹೊತ್ತು ಮುಳುಗುವ ಜಾಗಗಳು

ಜನವರಿ ೬, ಸೋಮವಾರ. ಸಂಜೆ

ದುದ್ದದ ಕೆರೆ ಏರಿ. ಹತ್ತಕ್ಕೆ ಏಳು ಅಂಕ.

ಸ್ವಲ್ಪ ಮೋಡ ಇರಬೇಕಿತ್ತು. ಬರೀ ನೀಲಿ ಆಕಾಶದಲ್ಲಿ ಸೂರ್ಯ ಮುಳುಗಿದರೆ ಒಗ್ಗರಣೆ ಇಲ್ಲದ ಸಾರು. ಆದರೂ ಕೊನೆಗೆ ನೀರಿನ ಮೇಲೆ ಒಂದು ಕೆಂಪು ಪಟ್ಟೆ ಬಂತು, ಏರಿಯ ಕಲ್ಲಿನವರೆಗೂ. ಬೈಕ್ ಸೀಟಿನ ಮೇಲೆ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ದಾರಿಯಲ್ಲಿ ಹೋದ ಇಬ್ಬರು ತಿರುಗಿ ನೋಡಿದರು. ಪಶು ಆಹಾರದ ಕಂಪನಿಯವನು, ಆರ್ಡರ್ ಬರೆದುಕೊಳ್ಳುತ್ತಿದ್ದಾನೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ನಡುವೆ ಹೆಂಡತಿ ಅಮೃತಳ ಫೋನ್.

"ಎಲ್ಲಿದೀರ?"

ಮಳವಳ್ಳಿ ಡೀಲರ್ ಹತ್ತಿರ, ಸ್ಟಾಕ್ ನೋಡ್ತಿದೀನಿ ಅಂದೆ. ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿದೆ. ಹಿಂದೆ ಅವ್ವನ ದನಿ ಕೇಳುತ್ತಿತ್ತು — "ಬುಡಮ್ಮಿ ನನ್ನ, ಬುಡು... ಹೊತ್ತು ಮುಳುಗ್ತದೆ..." ಅಮೃತ "ಆಯ್ತು, ನಿಧಾನಕ್ಕೆ ಬನ್ನಿ" ಎಂದು ಇಟ್ಟಳು.

ಮನೆ, ಊಟ ಆದ ಮೇಲೆ

ನಿಧಾನಕ್ಕೇ ಬಂದೆ. ನಮ್ಮೂರು ಯಲಿಯೂರು ಮುಟ್ಟುವ ಹೊತ್ತಿಗೆ ಪೂರ್ತಿ ಕತ್ತಲು. ಅವ್ವ ಮುದ್ದೆ ಉಂಡು ತಣ್ಣಗೆ ಕುಳಿತಿದ್ದಳು. "ಬಂದ್ಯಾ ಚಲುವ, ಉಣ್ಣು ಓಗು" ಎಂದಳು. ಎಷ್ಟು ಚೆನ್ನಾಗಿ ಗುರುತು ಹಿಡಿಯುತ್ತಾಳೆ ಈಗ.

ಅಮೃತಳ ಮುಂಗೈ ಮೇಲೆ ಉಗುರಿನ ಗೀರು. ಹೊಸದು. ಹೇಗಾಯ್ತು ಅಂತ ಕೇಳಲಿಲ್ಲ. ಕೇಳಿದರೆ ಹೇಳುತ್ತಾಳೆ, ಅದಕ್ಕೇ.

ಜನವರಿ ೯, ಗುರುವಾರ

ಮಳವಳ್ಳಿ ದೊಡ್ಡ ಕೆರೆ. ಎಂಟು. ಬೆಳ್ಳಕ್ಕಿಗಳಿಗೆ ಅರ್ಧ ಅಂಕ ಹೆಚ್ಚಿಗೆ.

ಯಾರೂ ಓದುವುದಿಲ್ಲ ಇದನ್ನು. ಸ್ಯಾಂಪಲ್ ಹಿಂಡಿಯ ಬ್ಯಾಗಿನಲ್ಲಿ ಇಡುತ್ತೇನೆ, ಆ ವಾಸನೆಗೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ.

ನನಗೆ ಸೂರ್ಯಾಸ್ತದ ಹುಚ್ಚೇನೂ ಇರಲಿಲ್ಲ. ಮನೆಗೆ ಹೋಗದೇ ಇರಲು ಒಂದು ಕಾರಣ ಬೇಕಿತ್ತು, ಅಷ್ಟೇ. ಬಾರಿಗೆ ಹೋಗುವ ಜಾಯಮಾನ ಅಲ್ಲ. ಇಸ್ಪೀಟು ಬರುವುದಿಲ್ಲ. ಎಲ್ಲಾದರೂ ಸುಮ್ಮನೆ ಕುಳಿತಿರೋಣ ಅಂತ ಕುಳಿತೆ, ಎದುರಿಗೆ ಅದು ಮುಳುಗಿತು. ಆಮೇಲೆ ರುಚಿ ಹತ್ತಿತು. ಈಗ ಬೆಳಿಗ್ಗೆ ರೂಟ್ ಹಾಕುವಾಗಲೇ ಸಂಜೆಗೆ ಯಾವ ಕೆರೆ, ಯಾವ ಬಂಡೆ ಅಂತ ನೋಡಿಕೊಂಡು ಹಾಕುತ್ತೇನೆ. ಮದ್ದೂರಿನ ಡೀಲರುಗಳಿಗೆ ಸೋಮವಾರದ ಬದಲು ಮಂಗಳವಾರ ಹೋಗುವುದು ಇದಕ್ಕೇ. ಕಂಪನಿಗೆ ಗೊತ್ತಿಲ್ಲ.

ಅವ್ವನಿಗೆ ಮರೆವಿನ ಕಾಯಿಲೆ, ಎರಡು ವರ್ಷ ಆಯಿತು. ಹಗಲೆಲ್ಲಾ ಪರವಾಗಿಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ಗಾಬರಿ ಶುರು. ಇಂಥವರಿಗೆ ಅದೇ ಹೊತ್ತಿನಲ್ಲಿ ಜಾಸ್ತಿ ಅಂತ ಮಂಡ್ಯದ ಡಾಕ್ಟರೂ ಹೇಳಿದರು. ದನ ಬಂದಿಲ್ಲ, ಕಟ್ಟಬೇಕು, ಕತ್ತಲಾಗುತ್ತದೆ, ಬಿಡಿ ನನ್ನ — ಅಂತ ಬಾಗಿಲಿಗೆ ಬರುತ್ತಾಳೆ. ದನ ಎಲ್ಲಿದೆ? ಚುಕ್ಕಿಯನ್ನು ಮಾರಿದೆವು. ಮಾರಿದೆವು ಏನು, ನಾನೇ ಮಾರಿದ್ದು. ಅವ್ವನ ಕೈಲಿ ಆಗುವುದಿಲ್ಲ, ಅಮೃತಳಿಗೆ ಹೊಲಿಗೆ ಕೆಲಸ, ಯಾರು ನೋಡಿಕೊಳ್ಳುತ್ತಾರೆ ಅಂತ. ಬೇರೆಯವರ ದನಕ್ಕೆ ಫೀಡ್ ಮಾರುವವನ ಕೊಟ್ಟಿಗೆ ಖಾಲಿ.

ಆ ಹೊತ್ತಿನಲ್ಲಿ ಅವ್ವನಿಗೆ ನನ್ನ ಗುರುತು ಸಿಗುವುದಿಲ್ಲ. ಸಿಗುವುದಿಲ್ಲ ಅಂತಲೂ ಅಲ್ಲ. ಹೋದ ವರ್ಷ ಒಂದು ಸಂಜೆ ಎದುರಿಗೆ ನಿಂತೆ. ಕಣ್ಣು ಕಿರಿದು ಮಾಡಿ ನೋಡಿದಳು. "ಇವ್ನೇ ಕಣಮ್ಮಿ, ನನ್ ದನ ಒಡ್ಕೊಂಡೋದ ಕಳ್ಳ" ಎಂದು ಚೊಂಬು ಎಸೆದಳು. ಹಣೆಗೆ ಬಿತ್ತು. ಅಮೃತ ಅರಿಶಿನ ಒತ್ತಿದಳು. "ಕಾಯ್ಲೆ ಕಣ್ರೀ, ಮನಸಿಗೆ ಅಚ್ಕೋಬೇಡಿ" ಎಂದಳು.

ಅವ್ವ ಹೇಳಿದ್ದು ಸುಳ್ಳಾಗಿದ್ದರೆ ಹಚ್ಚಿಕೊಳ್ಳುತ್ತಿರಲಿಲ್ಲ.

ಜನವರಿ ೧೪, ಮಂಗಳವಾರ. ಸಂಕ್ರಾಂತಿ

ರಜೆ. ತಪ್ಪಿಸಿಕೊಳ್ಳಲು ದಾರಿ ಇಲ್ಲ. ಮಗಳು ನಯನ ಬೀದಿಯವರಿಗೆಲ್ಲಾ ಎಳ್ಳು ಬೀರಿ ಬಂದಳು. ಬೀದಿಯಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಲು ಹುಲ್ಲು ಹಾಸುತ್ತಿದ್ದರು. ಅವ್ವ ಜಗಲಿಯ ಮೇಲೆ ಕುಳಿತು ಎಲ್ಲಾ ನೋಡುತ್ತಿದ್ದಳು. ನೆರಳು ಉದ್ದವಾಗುತ್ತಿದ್ದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ನಾನು ರೂಮಿಗೆ ಹೋಗಿ ಕಿಟಕಿಯಲ್ಲಿ ನಿಂತೆ. ನಲವತ್ತೆಂಟು ವರ್ಷದ ಗಂಡಸು.

ಅಲ್ಲಿಂದ ಅರ್ಧ ಗಂಟೆ ನೋಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ಅವ್ವ ಗೇಟಿನ ಕಡೆ ನುಗ್ಗುತ್ತಾಳೆ, ಅಮೃತ ಕೈ ಹಿಡಿದುಕೊಳ್ಳುತ್ತಾಳೆ. ಬೈಗುಳ, ಗುದ್ದು, ಅಳು. "ಬತ್ತದೆ ಅತ್ತೆ, ಈಗ್ಲೇ ಬತ್ತದೆ, ಸಣ್ಣತಾಯಕ್ಕ ಒಡ್ಕೊಂಡ್ ಬತ್ತಾರೆ" — ಅದೇ ಮಾತು, ಒಂದೇ ದನಿಯಲ್ಲಿ, ಜೋಗುಳದ ಹಾಗೆ. ಆಮೇಲೆ ನಯನ ಅಜ್ಜಿಯ ಕೈ ಹಿಡಿದುಕೊಂಡಳು. ಅಮೃತ ಓಡಿದಳು ಪಕ್ಕದ ಮನೆಗೆ.

ಕರು ಹಿಡಿದುಕೊಂಡು ಬಂದಳು. ಸಣ್ಣತಾಯಮ್ಮನ ಕರು. ಹಾಲು ಕರೆದಾದ ಮೇಲೆ ಅದಕ್ಕೇನು ಕೆಲಸ? ಹಗ್ಗ ಅವ್ವನ ಕೈಗೆ ಕೊಟ್ಟಳು.

ಅವ್ವ ಹಗ್ಗ ತೆಗೆದುಕೊಂಡಳು. ನಮ್ಮ ಹಳೇ ಗೂಟಕ್ಕೆ ಸುತ್ತಿ, ಒಂದೆಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿದಳು. ನನ್ನ ಹೆಸರು ಮರೆತ ಬೆರಳುಗಳು ಅದನ್ನು ಮರೆತಿಲ್ಲ. "ಎಲ್ ಓಗಿದ್ಯೆ ಇಷ್ಟೊತ್ತು, ಬಿಕನಾಸಿ" ಎಂದು ಕರುವಿನ ಕತ್ತು ತಟ್ಟಿದಳು. ಕಾಲು ತೊಳೆದುಕೊಂಡಳು. ದೀಪ ಹಚ್ಚಿದಳು. ಮುಗಿಯಿತು. ಬೇರೆ ಹೆಂಗಸು. ಏಳು ಗಂಟೆಗೆ ಅಮೃತ ಸದ್ದಿಲ್ಲದೆ ಕರು ಬಿಚ್ಚಿ ವಾಪಸ್ಸು ಬಿಟ್ಟು ಬಂದಳು.

"ನಂಗೆ ಹೇಳೇ ಇಲ್ವಲ್ಲ ನೀನು," ಅಂದೆ.

"ನೀವು ಇದ್ರೆ ತಾನೆ," ಎಂದಳು. ಸಿಟ್ಟಿನಿಂದ ಅಲ್ಲ. "ಮೊದ್ಲು ಮೂರ್ ಗಂಟೆ ಇತ್ತು ಈ ಗೋಳು. ಕರ ತಂದು ಕಟ್ಟಿಸಕ್ಕೆ ಸುರು ಮಾಡಿದ್ ಮ್ಯಾಲೆ ಅರ್ಧ ಗಂಟೆಗೆ ಇಳ್ದದೆ. ಅಷ್ಟೊತ್ತು ಇನ್ನೊಂದ್ ಜೊತೆ ಕೈ ಇದ್ರೆ ಸಾಕಾಗಿತ್ತು ಕಣ್ರೀ."

ಜನವರಿ ೧೭, ಶುಕ್ರವಾರ

ಇವತ್ತು ಬೇಗ ಹೋಗಬೇಕು ಅಂತ ಬೆಳಿಗ್ಗೆಯೇ ತೀರ್ಮಾನ. ಐದಕ್ಕೆ ಮಂಡ್ಯ ಬಿಟ್ಟೆ. ನಮ್ಮೂರ ರೈಲ್ವೆ ಸ್ಟೇಷನ್‌ವರೆಗೂ ಬಂದೆ. ಅಲ್ಲಿಂದ ನಮ್ಮ ಬೀದಿ ಎಷ್ಟು ದೂರ? ಹಚ್ಚಿದ ಬೀಡಿ ಮುಗಿಯುವಷ್ಟೂ ಇಲ್ಲ.

ಚೊಂಬು ನೆನಪಾಯಿತು. ಕಳ್ಳ ಅಂದದ್ದು ನೆನಪಾಯಿತು. ಬೈಕ್ ತಿರುಗಿಸಿದೆ.

ನಾಲೆ ಏರಿ. ಕಬ್ಬಿನ ಗದ್ದೆಯ ಹಿಂದೆ ಮುಳುಗಿತು, ಸರಿಯಾಗಿ ಕಾಣಲೂ ಇಲ್ಲ. ಜಾಗಕ್ಕೆ ನಾಲ್ಕು. ನನಗೆ ಸೊನ್ನೆ.

ಜನವರಿ ೨೩, ಗುರುವಾರ

ಕೊಕ್ಕರೆ ಬೆಳ್ಳೂರು. ಒಂಬತ್ತೂವರೆ. ಹತ್ತೇ ಕೊಡಬಹುದು, ಇನ್ನೂ ಒಳ್ಳೆಯದು ಎಲ್ಲೋ ಇರಬಹುದು ಅಂತ ಅರ್ಧ ಉಳಿಸಿಕೊಂಡೆ. ಹುಣಸೆ ಮರದ ತುಂಬಾ ಕೊಕ್ಕರೆ. ಎಲ್ಲವೂ ಹೊತ್ತಿಗೆ ಸರಿಯಾಗಿ ಗೂಡಿಗೆ ಬಂದವು. ನಾನೊಬ್ಬನೇ ಮನೆ ಇದ್ದೂ ಮರದ ಕೆಳಗೆ.

ಫೋಟೋ ತೆಗೆದೆ. ಯಾರಿಗೂ ಕಳಿಸಲಾಗದ ಫೋಟೋ ಫೋನಿನ ತುಂಬಾ ಇವೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಅಮೃತ ಹೇಳಿದಳು. ಮದ್ದೂರಿನಲ್ಲಿ ಅವಳ ತಮ್ಮ ಇದ್ದಾನೆ. ಅವನ ಮಗುವಿಗೆ ತೊಟ್ಟಿಲ ಶಾಸ್ತ್ರ, ಫೆಬ್ರವರಿ ಐದಕ್ಕೆ. "ಓಗ್ಲಾ?" ಎಂದಳು. ತಮ್ಮನ ಮನೆಗೆ ಹೋಗಲು ನನ್ನ ಅಪ್ಪಣೆ ಕೇಳುವ ಹೆಂಗಸಲ್ಲ. ಕೇಳಿದ್ದು ಬೇರೆಯದನ್ನು. ಹೋಗು, ನಾನು ಇರ್ತೀನಿ ಅಂದೆ. ಅವಳು ಇನ್ನೊಂದು ಚಮಚ ತುಪ್ಪ ಹಾಕಿದಳು.

ಫೆಬ್ರವರಿ ೫, ಬುಧವಾರ. ಬೆಳಿಗ್ಗೆ

ಅಮೃತ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ಎರಡು ವರ್ಷದಲ್ಲಿ ಮೊದಲ ಸಲ ಹಾಡು ಗುನುಗುತ್ತಿದ್ದಾಳೆ. ನಯನಾಗೆ ಮಂಡ್ಯದಲ್ಲಿ ಟ್ಯೂಷನ್, ಬರುವುದು ಕತ್ತಲಾದ ಮೇಲೆ. ಅಮೃತ ನನಗೆ ಮೂರು ಸಲ ಹೇಳಿದಳು:

"ಐದೂವರೆಗೆ ಬಂದ್ಬುಡಿ. ಸಣ್ಣತಾಯಕ್ಕ ಅಲ್ಲೀಗಂಟ ಕುಂತಿರ್ತಾರೆ. ಆಮೇಲೆ ಅವ್ರು ಡೈರಿಗೆ ಹಾಲ್ ಆಕಕ್ಕೆ ಓಗ್ಬೇಕು. ಕರ ಇಡ್ಕೊಂಡ್ ಬಂದು ಅತ್ತೆ ಕೈಗೆ ಅಗ್ಗ ಕೊಡಿ. ನೀವೇ ಕಟ್ಬೇಡಿ ಮತ್ತೆ, ಅವ್ರೇ ಕಟ್ಬೇಕು. ನಾನು ಏಳ್ ಗಂಟೆ ರೈಲಿಗೆ ಬತ್ತೀನಿ."

ಆಯ್ತು ಆಯ್ತು ಅಂದೆ. ಒಂದು ಕರು ಹಿಡಿದು ತರಲು ಇಷ್ಟು ಪಾಠ.

ಫೆಬ್ರವರಿ ೭, ಶುಕ್ರವಾರ. ಮಂಡ್ಯ, ಆಸ್ಪತ್ರೆ

ಕಾರಿಡಾರ್. ಪ್ಲಾಸ್ಟಿಕ್ ಕುರ್ಚಿ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಮೊನ್ನೆ ಮಳವಳ್ಳಿಯಿಂದ ನಾಲ್ಕಕ್ಕೇ ಹೊರಟಿದ್ದೆ. ಸಮಯ ಬೇಕಾದಷ್ಟು ಇತ್ತು. ದಾರಿಯಲ್ಲಿ ಬಲಕ್ಕೆ ಒಂದು ಮಣ್ಣುದಾರಿ, ಅದರ ಕೊನೆಗೆ ಏನೋ ಮಿನುಗಿತು. ಕಟ್ಟೆ. ಹೆಸರು ಗೊತ್ತಿಲ್ಲ. ತಾವರೆ ಎಲೆ, ಮುರಿದ ಕಲ್ಲುಮಂಟಪ, ಹಿಂದೆ ಸಣ್ಣ ಗುಡ್ಡ. ಹತ್ತು ನಿಮಿಷ ನೋಡಿ ಹೊರಡೋಣ ಅಂತ ಕುಳಿತೆ. ಫೋನ್ ಸೈಲೆಂಟ್‌ಗೆ ಹಾಕಿದೆ. ಏಕೆ ಹಾಕಿದೆ? ಯಾರೂ ಕರೆದಿರಲಿಲ್ಲ ಆಗ.

ಐದಾಯಿತು. ಐದೂವರೆ ಆಯಿತು. ಗಡಿಯಾರ ನೋಡಲಿಲ್ಲ ಅಂತ ಬರೆದರೆ ಸುಳ್ಳು. ನೋಡಿದೆ. ಮತ್ತೆ ಮತ್ತೆ ನೋಡಿದೆ. ಮನೆಯಲ್ಲಿ ಅವ್ವನ ಎದುರು ಒಬ್ಬನೇ ನಿಲ್ಲಬೇಕಲ್ಲ ಎಂದು ಏಳಲಿಲ್ಲ. ಸಣ್ಣತಾಯಮ್ಮ ಇರುತ್ತಾಳೆ, ಇನ್ನೈದು ನಿಮಿಷ ಇರುತ್ತಾಳೆ ಅಂದುಕೊಂಡೆ. ಆಕಾಶ ಮೊದಲು ಹಳದಿ, ಆಮೇಲೆ ಮಾವಿನ ಹಣ್ಣಿನ ಒಳಗಿನ ಬಣ್ಣ, ಆಮೇಲೆ ಹೆಸರೇ ಇಲ್ಲದ ಒಂದು ಕೆಂಪು. ಹತ್ತಕ್ಕೆ ಹತ್ತು ಅಂತ ಮನಸ್ಸಿನಲ್ಲಿ ಅಂದುಕೊಂಡದ್ದು ನಿಜ. ಕೆಂಪು ಪೂರ್ತಿ ಆರುವವರೆಗೂ ಕುಳಿತಿದ್ದೆ.

ಫೋನ್ ತೆಗೆದರೆ ನಯನಾಳ ಮಿಸ್ಡ್ ಕಾಲ್, ಸಾಲಾಗಿ.

ಸಣ್ಣತಾಯಮ್ಮ ಆರರವರೆಗೂ ಕಾದಿದ್ದಾಳೆ. ಡೈರಿ ಮುಚ್ಚುತ್ತದೆ, ಚಲುವರಾಜು ಇನ್ನೇನು ಬಂದೇಬಿಡುತ್ತಾನೆ ಅಂತ ಬಾಗಿಲು ಮುಂದಕ್ಕೆ ಎಳೆದುಕೊಂಡು ಕ್ಯಾನ್ ತೆಗೆದುಕೊಂಡು ಹೋಗಿದ್ದಾಳೆ. ವಾಪಸ್ಸು ಬಂದರೆ ಬಾಗಿಲು ತೆರೆದಿದೆ. ಕರು ಅವಳ ಕೊಟ್ಟಿಗೆಯಲ್ಲೇ ಇದೆ. ಅವ್ವ ಇಲ್ಲ. ಗೋಡೆಯ ಮೊಳೆಯಲ್ಲಿದ್ದ ಹಗ್ಗವೂ ಇಲ್ಲ.

ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮರಿಸಿದ್ದಯ್ಯ ನೋಡಿದ್ದು. ನಾಲೆಯ ಏರಿಯ ಕೆಳಗೆ, ಗದ್ದೆ ಕಾಲುವೆಯೊಳಗೆ ಬಿದ್ದಿದ್ದಳಂತೆ. ಮೊಣಕಾಲುದ್ದ ನೀರು. "ಚುಕ್ಕೀ... ಚುಕ್ಕೀ..." ಅಂತಿದ್ದಳಂತೆ. ನಾಲೆಯೊಳಕ್ಕೆ ಬಿದ್ದಿದ್ದರೆ ಹೆಣವೂ ಸಿಗುತ್ತಿರಲಿಲ್ಲ.

ತೊಡೆಯ ಮೂಳೆ, ಸೊಂಟದ ಹತ್ತಿರ, ಮುರಿದಿದೆ. ಆಪರೇಷನ್ ಸೋಮವಾರ.

ಎಲ್ಲಿದ್ದೆ ಅಂತ ಎಲ್ಲರೂ ಕೇಳಿದರು. ಪಂಕ್ಚರ್ ಆಯ್ತು ಅಂದೆ. ಯೋಚನೆ ಕೂಡ ಮಾಡಲಿಲ್ಲ. ತಾನಾಗಿ ಬಂತು.

ಫೆಬ್ರವರಿ ೯, ಭಾನುವಾರ

ಹಲಗೂರಿನಿಂದ ಅಕ್ಕ, ಭಾವ ಬಂದರು. ಅಕ್ಕ ವಾರ್ಡಿನೊಳಗೆ ಅವ್ವನನ್ನು ನೋಡಿ ಅತ್ತಳು. ಹೊರಗೆ ಬಂದು, ನಾಲ್ಕು ಜನ ಕೇಳುವ ಹಾಗೆ, ಅಮೃತಳಿಗೆ ಶುರು ಮಾಡಿದಳು.

"ಕಾಯ್ಲೆ ಅತ್ತೆನ ಬುಟ್ಟು ಸೀರೆ ಉಟ್ಕೊಂಡು ತವರಿಗೆ ಓಗಿ ಕುಂತಿದ್ಯಲ್ಲ, ಎಂಗ್ ಮನಸ್ ಬಂತಮ್ಮಿ ನಿಂಗೆ? ಗಂಡಸು ಗಾಡಿ ಮ್ಯಾಲೆ ದುಡಿಯೋವ್ನು, ಪಂಚರ್ ಆಯ್ತದೆ, ಏನಾರ ಆಯ್ತದೆ. ನೀನು ಮನೇಲಿರೋ ಎಂಗ್ಸು."

ಅಮೃತ ತಲೆ ತಗ್ಗಿಸಿ ನಿಂತಿದ್ದಳು. ಒಂದು ಮಾತೂ ಎದುರಾಡಲಿಲ್ಲ. ಇವರಿಗೆ ಐದೂವರೆಗೆ ಬರಲು ಹೇಳಿದ್ದೆ, ಬರಲಿಲ್ಲ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಟೀ ತರುತ್ತೇನೆ ಅಂತ ಕೆಳಗೆ ಇಳಿದೆ. ಥೂ.

ಫೋನಿನಲ್ಲಿದ್ದ ಫೋಟೋಗಳನ್ನೆಲ್ಲಾ ಟೀ ಅಂಗಡಿಯ ಮುಂದೆ ನಿಂತು ಅಳಿಸಿದೆ. ಸಿಟ್ಟಿಗೋ ಹೆದರಿಕೆಗೋ... ಎರಡಕ್ಕೂ.

ಫೆಬ್ರವರಿ ೧೩, ಗುರುವಾರ

ರಾಡ್ ಹಾಕಿದ್ದಾರೆ. ಮಂಪರು ಇಳಿದ ಮೇಲೆ ಅವ್ವ ಇನ್ನೂ ದೂರ ಹೋಗಿದ್ದಾಳೆ. ಹಗಲೂ ಯಾರ ಗುರುತೂ ಇಲ್ಲ.

ಸಂಜೆ ವಾರ್ಡಿನ ಕಿಟಕಿಗೆ ಬಿಸಿಲು ಬಂತು. ಅವ್ವನ ಕೈ ಹೊದಿಕೆಯ ಅಂಚನ್ನು ಹುಡುಕಿ ಹಿಡಿದು, ಮಂಚದ ಕಂಬಿಗೆ ಸುತ್ತಲು ಶುರು ಮಾಡಿತು. ಅದೇ ಗಂಟು. ಹಾಕುವುದು, ನರ್ಸ್ ಬಿಚ್ಚುವುದು, ಮತ್ತೆ ಹಾಕುವುದು. "ಕೈ ಕಟ್ಟಬೇಕಾಗುತ್ತೆ" ಎಂದರು ನರ್ಸ್. ಬೇಡಿ, ನಾನು ಹಿಡ್ಕೋತೀನಿ ಅಂದೆ.

ಎರಡು ವರ್ಷದ ಮೇಲೆ ಆ ಹೊತ್ತಿನಲ್ಲಿ ಅವ್ವನ ಕೈ ಹಿಡಿದೆ. ನನ್ನನ್ನು ನೋಡಿದಳು. ಕಳ್ಳ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಫೆಬ್ರವರಿ ೨೦, ಗುರುವಾರ

ಮನೆಗೆ ಕರೆದುಕೊಂಡು ಬಂದು ಎರಡು ದಿನ. ಅವ್ವನ ಮಂಚ ಹಾಲ್‌ನಲ್ಲಿ.

ಭಾನುವಾರ ಅಕ್ಕ ಕಾರು ಮಾಡಿಕೊಂಡು ಬರುತ್ತಾಳಂತೆ. ಅವ್ವನನ್ನು ಹಲಗೂರಿಗೆ ಕರೆದುಕೊಂಡು ಹೋಗಲು. "ಆ ಎಂಗ್ಸಿನ್ ಕೈಗೆ ಇನ್ನ ನಮ್ಮವ್ವನ್ನ ಕೊಡಾಕಿಲ್ಲ ಕಣ್ಲಾ" ಎಂದಳು ಫೋನಿನಲ್ಲಿ. ಸ್ಪೀಕರ್ ಆನ್ ಇತ್ತು. ಅಮೃತ ಅಲ್ಲೇ ಇದ್ದಳು. ಅಕ್ಕನ ಮನೆ ಮೊದಲ ಮಹಡಿ. ಹಸು ಇಲ್ಲ, ಕರು ಇಲ್ಲ, ಗೂಟ ಇಲ್ಲ. ಅವ್ವ ಅಲ್ಲಿ ಎಷ್ಟು ದಿನ ಉಳಿಯುತ್ತಾಳೆ ಅಂತ ನನಗೂ ಗೊತ್ತು, ಅಮೃತಳಿಗೂ ಗೊತ್ತು.

ಮಧ್ಯಾಹ್ನ ಅವ್ವ ಮಲಗಿದ್ದಾಗ ಅಮೃತ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹತ್ತಿರ ಹೋಗಿ, ಬಿಡು, ಅಕ್ಕನಿಗೆ ನಾನು ಹೇಳ್ತೀನಿ ಅಂದೆ. ಹೇಳಬೇಕು ಅಂತಲೇ ಹೋದದ್ದು. ಅವಳೇ ಮೊದಲು ಬಾಯಿ ಬಿಟ್ಟಳು.

"ಏನೂ ಏಳ್ಬೇಡಿ. ಅತ್ತಿಗೆ ಏಳೋದೇ ನಿಜ."

"ಏನು ನಿಜ?"

"ಶಾಸ್ತ್ರ ಮೂರೂವರೆಗೇ ಮುಗ್ದೋಗಿತ್ತು. ನಾಲ್ಕೂವರೆ ಗಾಡಿಗೆ ಬಂದಿದ್ರೆ ನಾನೇ ಐದೂವರೆ ಒಳ್ಗೆ ಮನೇಲಿರ್ತಿದ್ದೆ. ಮದ್ದೂರ್ ಸ್ಟೇಷನ್‌ಗೂ ಬಂದೆ. ಗಾಡಿ ಬಂತು. ಅತ್ಲಿಲ್ಲ."

ಸೀರೆ ಹಿಂಡುತ್ತಲೇ ಇದ್ದಳು. ನೀರು ಯಾವಾಗಲೋ ನಿಂತಿತ್ತು.

"ಬೆಂಚಿನ್ ಮ್ಯಾಲೆ ಕುಂತ್ಬುಟ್ಟೆ ಕಣ್ರೀ. ಒಂದೊಪ್ಪತ್ತು ಸುಮ್ಕೆ ಕುಂತಿರ್ಮ ಅನ್ನುಸ್ತು. ನೀವಿದೀರಲ್ಲ ಮನೇಲಿ ಅಂತ. ಎದುರಿಗೆ ಹೊತ್ತು ಮುಳುಗ್ತಿತ್ತು, ಹಳಿ ಮ್ಯಾಲೇನೇ. ಎರಡ್ ವರ್ಸ ಆಗಿತ್ತು ನೋಡಿ. ಎಷ್ಟ್ ಚೆನ್ನಾಗಿತ್ತು ಅಂತೀರ... ಅದೇ ಹೊತ್ತಲ್ಲಿ ಅತ್ತೆ ಕಾಲ್ವೇಲಿ ಬಿದ್ದಿದ್ರು. ನಾನು ನೋಡ್ಕಂಡು ನಗ್ತಿದ್ದೆ."

ಆಗ ಅತ್ತಳು. ಎರಡು ವರ್ಷದಲ್ಲಿ ಅವಳು ಅತ್ತದ್ದು ನಾನು ನೋಡಿರಲಿಲ್ಲ. ಹೊತ್ತು ಮುಳುಗುವಾಗ ನಾನು ಮನೆಯಲ್ಲಿ ಇದ್ದರಲ್ಲವೇ ನೋಡುವುದು.

ಅವಳು ಒಂದೇ ಒಂದು ದಿನ ನೋಡಿದಳು. ನಾನು ಇದ್ದೇನೆ ಎಂದು ನಂಬಿ ನೋಡಿದಳು. ಅದಕ್ಕೆ ಇಷ್ಟು ಅಳು.

ನಾನು ಏನು ಮಾಡಿದೆ? ತಲೆ ಸವರಿದೆ. "ಹೋಗಲಿ ಬಿಡು, ಆದದ್ದಾಯ್ತು. ನಾನೇನೂ ಅಂದ್ಕೊಂಡಿಲ್ಲ" ಅಂದೆ. ಕ್ಷಮಿಸಿದೆ! ನಾನು, ಅವಳನ್ನು! ಅವಳು ನನ್ನ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಫೆಬ್ರವರಿ ೨೧, ಶುಕ್ರವಾರ

ಅಮೃತ ಅವ್ವನ ಸೀರೆಗಳನ್ನು ಇಸ್ತ್ರಿ ಮಾಡಿ ಬ್ಯಾಗಿಗೆ ಹಾಕುತ್ತಿದ್ದಾಳೆ. ಭಾನುವಾರ ಎಲ್ಲರ ಎದುರಿಗೆ ಹೇಳುತ್ತೇನೆ. ಹೇಳದಿದ್ದರೆ ನಾನು ಮನುಷ್ಯನಲ್ಲ.

ಫೆಬ್ರವರಿ ೨೩, ಭಾನುವಾರ

ಹೇಳಿದೆ.

ಆದದ್ದನ್ನು ಹಾಗೆಯೇ ಬರೆಯುತ್ತೇನೆ. ಹನ್ನೊಂದಕ್ಕೆ ಕಾರು ಬಂತು. ಅಕ್ಕ, ಭಾವ ಚಿಕ್ಕಮಾದು ಹಾಲ್‌ನಲ್ಲಿ ಕುಳಿತರು. ಸಣ್ಣತಾಯಮ್ಮನೂ ಬಂದಳು, ಅವ್ವನನ್ನು ಕಳಿಸಿಕೊಡಲು. ಅಮೃತ ಬ್ಯಾಗ್ ತಂದು ಬಾಗಿಲ ಹತ್ತಿರ ಇಟ್ಟಳು. ಅಕ್ಕ ಅದನ್ನು ನೋಡಿ, "ಇದುಕ್ಕೇನ್ ಕಮ್ಮಿ ಇಲ್ಲ. ಬ್ಯಾಗ್ ಕಟ್ಟಕ್ಕೆ ಮುಂದು" ಎಂದಳು.

ಎದ್ದು ನಿಂತೆ.

"ಅಕ್ಕ, ಅವಳದ್ದೇನೂ ತಪ್ಪಿಲ್ಲ. ಐದೂವರೆಗೆ ಬತ್ತೀನಿ ಅಂತ ಒಪ್ಕೊಂಡಿದ್ದು ನಾನು. ಪಂಕ್ಚರ್ ಆಗಿರ್ಲಿಲ್ಲ. ದಾರೀಲಿ ಒಂದು ಕಟ್ಟೆ ತಾವ ಗಾಡಿ ನಿಲ್ಲಿಸ್ಕೊಂಡು ಕುಂತಿದ್ದೆ. ಹೊತ್ತು ಮುಳುಗೋದ ನೋಡ್ತಾ."

ಹೊರಗೆ ಕಾರಿನ ಡ್ರೈವರ್ ರೇಡಿಯೋ ಹಾಕಿದ್ದ, ಅದೊಂದೇ ಕೇಳುತ್ತಿತ್ತು.

ಮೊದಲು ನಕ್ಕದ್ದು ಭಾವ.

"ಅಲ್ಲ ಕಣ್ಲಾ ಚಲುವ, ಎಡ್ತಿ ಉಳಿಸ್ಕಳಕ್ಕೆ ಸುಳ್ ಏಳೋದಾದ್ರೆ ನಂಬೋ ಅಂಥದ್ ಏಳ್ಲಾ. ಕುಡೀತಿದ್ದೆ ಅನ್ನು, ಇಸ್ಪೀಟ್ ಆಡ್ತಿದ್ದೆ ಅನ್ನು. ಹೊತ್ತು ಮುಳುಗೋದ ನೋಡ್ತಿದ್ನಂತೆ! ದಿನಾ ಮುಳುಗ್ತದೆ, ಅದನ್ನೇನ್ ನೋಡಿಯೇ?"

"ನಿಜ ಭಾವ. ದೇವ್ರಾಣೆ."

"ಆಣೆ ಬೇರೆ ಮಾಡ್ತಾನೆ ನೋಡು."

ಫೋಟೋ ತೋರಿಸೋಣವೆಂದರೆ ಒಂದೂ ಇಲ್ಲ. ಸಣ್ಣತಾಯಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಚಿನ್ನದಂಥಾ ಗಂಡ ಕಣಮ್ಮಿ" ಎಂದಳು ಅಮೃತಳಿಗೆ.

ಆಮೇಲೆ ಅಕ್ಕ ಅಳಲು ಶುರು ಮಾಡಿದಳು. "ನಮ್ಮಪ್ಪನೂ ಇಂಗೇ ಇದ್ದ. ಮನೆ ಎಂಗಸ್ರ ಮ್ಯಾಲೆ ಒಂದ್ ಮಾತ್ ಬರಕ್ಕೆ ಬುಡ್ತಿರ್ಲಿಲ್ಲ. ಎಲ್ಲಾ ತನ್ ತಲೆ ಮ್ಯಾಲೇ ಆಕ್ಕಳಾವ್ನು." ಅಮೃತಳ ಕೈ ಹಿಡಿದು, ಸಿಟ್ಟಲ್ಲಿ ಏನೇನೋ ಅಂದೆ ಕಣಮ್ಮಿ ಎಂದಳು. ಅವ್ವ ಇಲ್ಲೇ ಇರಲಿ ಎಂದಳು. ಮಗ ಇಷ್ಟು ಒಳ್ಳೆಯವನಿರುವಾಗ ಮಗಳ ಮನೆ ಏಕೆ ಎಂದಳು. ಊಟ ಮಾಡಿಕೊಂಡು ಹೋದರು. ಖಾಲಿ ಕಾರು ಬಂದ ದಾರಿಯಲ್ಲೇ ಹೋಯಿತು.

ಬಾಗಿಲು ಹಾಕಿ ತಿರುಗಿದರೆ ಅಮೃತ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ತಕ್ಷಣ ಅರ್ಥವಾಯಿತು.

"ನಾನು ನಿಮ್ಗೊಬ್ರಿಗೇ ಏಳಿದ್ದೆ," ಎಂದಳು. "ನಂದನ್ನ ತಗೊಂಡು ನಿಮ್ ಮ್ಯಾಲೆ ಆಕ್ಕಂಡ್ರಲ್ಲ ರೀ. ಸ್ಟೇಷನ್ ಬುಟ್ಟು ಕಟ್ಟೆ ಅಂತ ಬೇರೆ ಸೇರಿಸ್ಕಂಡು..."

ಅಲ್ಲ ಅಮೃತ, ಅಂದೆ. ಕೇಳು ಇಲ್ಲಿ ಅಂದೆ.

"ಬ್ಯಾಡ, ಏನೂ ಏಳ್ಬೇಡಿ" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಮದುವೆಯ ದಿನ ಬಿಟ್ಟರೆ ಎಂದೂ ಮುಟ್ಟಿದವಳಲ್ಲ. ನಾನು ಕಂಬದ ಹಾಗೆ ನಿಂತಿದ್ದೆ.

ಫೆಬ್ರವರಿ ೨೪, ಸೋಮವಾರ. ಸಂಜೆ ಐದೂವರೆ

ಮನೆಯಲ್ಲಿ. ಕಂಪನಿಗೆ ರಜೆ ಹೇಳಿದ್ದೇನೆ. ಇನ್ನು ಮೇಲೆ ಏನೇ ಆಗಲಿ ಈ ಹೊತ್ತಿಗೆ ಮನೆ.

ಬೆಳಿಗ್ಗೆಯಿಂದ ನನಗೆ ರಾಜೋಪಚಾರ. ಮಧ್ಯಾಹ್ನ ನಾಟಿಕೋಳಿ ಸಾರು. ಅಮೃತ ತಮ್ಮನಿಗೆ ಫೋನ್ ಮಾಡಿ, ಬಾಗಿಲ ಹಿಂದೆ ನಿಂತು, "ನಿಮ್ ಭಾವನಂಥವ್ರು..." ಅಂತ ಹೇಳುತ್ತಿದ್ದಳು. ನಯನ ಕಾಲೇಜಿಗೆ ಹೋಗುವ ಮುಂಚೆ ಬಂದು ಸುಮ್ಮನೆ ಭುಜಕ್ಕೆ ಒರಗಿ ಹೋದಳು. ಆ ಹುಡುಗಿ ಹೀಗೆ ಮಾಡಿ ಎಷ್ಟು ಕಾಲವಾಗಿತ್ತು. ಇಷ್ಟು ವರ್ಷದಲ್ಲಿ ಸಿಗದೇ ಇದ್ದ ಮರ್ಯಾದೆ ಎಲ್ಲಾ ಒಂದೇ ದಿನಕ್ಕೆ ಸಿಕ್ಕಿದೆ. ಎಲ್ಲಾ ಕಳ್ಳಮಾಲು. ಅವ್ವ ಒಬ್ಬಳೇ ನನಗೆ ಸರಿಯಾದ ಹೆಸರು ಇಟ್ಟಿದ್ದಳು, ಅವಳೂ ಈಗ ಮರೆತಳು.

ಎಲ್ಲರಿಗೂ ಹೇಳುವುದು ಇನ್ನು ಬೇಕಾಗಿಲ್ಲ. ನಂಬುವುದೂ ಇಲ್ಲ. ಆದರೆ ಅಮೃತಳಿಗೆ ಗೊತ್ತಾಗಬೇಕು. ಅವಳು ತಪ್ಪು ಮಾಡಿದಳು, ಗಂಡ ಹೊತ್ತುಕೊಂಡ ಎಂದುಕೊಂಡು ಬದುಕೆಲ್ಲಾ ತಲೆ ತಗ್ಗಿಸಿ ನಡೆದರೆ? ಮದ್ದೂರಿನ ಬೆಂಚಿನ ಮೇಲೆ ಕುಳಿತದ್ದು ಪಾಪ ಎಂದೇ ತಿಳಿದುಕೊಂಡಿರುತ್ತಾಳೆ. ಇನ್ನೆಂದೂ ಕೂರುವುದಿಲ್ಲ.

ದುದ್ದ, ಮಳವಳ್ಳಿ, ಬೆಳ್ಳೂರು — ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತೇನೆ. ಆಗ ನಂಬಲೇಬೇಕು. ನಂಬಿದ ಮೇಲೆ ಈ ಮನೆಯಲ್ಲಿ ನನಗೆ ಏನು ಉಳಿಯುತ್ತದೋ ಗೊತ್ತಿಲ್ಲ. ಆಗಲಿ.

ಹಾಲ್‌ನಲ್ಲಿ ಅವ್ವ ಹೊದಿಕೆ ಎಳೆಯುತ್ತಿರುವ ಸದ್ದು. ಅಮೃತ ಕರೆಯುತ್ತಿದ್ದಾಳೆ.

"ರೀ, ಒಸಿ ಬನ್ನಿ. ಅತ್ತೆ ಕೈ ಇಡ್ಕಳಿ. ನಾನು ಕರ ಇಡ್ಕಂಡ್ ಬತ್ತೀನಿ, ಕಿಟಕಿ ತಾವ ನಿಲ್ಸನ."

ಹೋಗುತ್ತೇನೆ. ಅವಳು ಕರು ತಂದು ನಿಲ್ಲಿಸಿದ ತಕ್ಷಣ ಹೇಳಿಬಿಡುತ್ತೇನೆ. ಮೊದಲನೇ ಮಾತು ಇದೇ, ಬರೆದಿಟ್ಟುಕೊಂಡರೆ ತಪ್ಪುವುದಿಲ್ಲ — ಅಮೃತ, ನಿನ್ನೆ ನಾನು ಹೇಳಿದ್ದು ನಿನ್ನ ಕತೆ ಅಲ್ಲ, ಎರಡು ವರ್ಷದಿಂದ ದಿನಾ ಸಂಜೆ ನಾನು —